ಗೊತ್ತಾ ಎಂದು ಕೇಳಿದೆವು, ಹೇಗಿದ್ದೀರಿ ಎಂದು ಕೇಳಲಿಲ್ಲ

ಎಂಎಸ್‌ಸಿ ನರ್ಸಿಂಗ್‌ನಲ್ಲಿ ನನ್ನ ವಿಷಯ ಮನೋರೋಗ ಶುಶ್ರೂಷೆ. ಪ್ರಬಂಧದ ಕೆಲಸಕ್ಕೆ ಒಂದು ಹೈಸ್ಕೂಲಿಗೆ ಹೋಗಿದ್ದೆ. ಊರಿನ ಹೆಸರು ಬೇಡ. ಮಧ್ಯಾಹ್ನದ ಬಿಡುವಿನಲ್ಲಿ ಶಿಕ್ಷಕರನ್ನೆಲ್ಲ ಸ್ಟಾಫ್ ರೂಮಿನಲ್ಲಿ ಕೂರಿಸಿ 30 ಪ್ರಶ್ನೆಗಳ ಹಾಳೆ ಹಂಚಿದೆ. ಮಕ್ಕಳಲ್ಲಿ ಖಿನ್ನತೆಯ ಲಕ್ಷಣ ಯಾವುದು, ಸರಿಯಾದ ಉತ್ತರಕ್ಕೆ ಟಿಕ್ ಹಾಕಿ. ಆಮೇಲೆ ಮುಕ್ಕಾಲು ಗಂಟೆ ಚಾರ್ಟು, ಫ್ಲ್ಯಾಶ್ ಕಾರ್ಡು ಹಿಡಿದು ಪಾಠ ಮಾಡಿದೆ. ಏಳನೇ ದಿನ ಮತ್ತೆ ಹೋಗಿ ಅದೇ ಹಾಳೆ ಕೊಟ್ಟೆ. ಅಂಕ ಚೆನ್ನಾಗಿ ಏರಿತ್ತು. ಏರದೆ ಇರುತ್ತದೆಯೇ? ಪಾಠ ಮಾಡಿ ಅದೇ ಪ್ರಶ್ನೆ ಕೇಳಿದರೆ ಯಾರ ಅಂಕವಾದರೂ ಏರುತ್ತದೆ.

ಹಾಳೆಗಳನ್ನು ಒಟ್ಟು ಮಾಡುತ್ತಿದ್ದಾಗ ಕನ್ನಡ ಟೀಚರ್ ಒಬ್ಬರು ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು. "ಮೇಡಂ, ಒಂಬತ್ತನೇ ಕ್ಲಾಸಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಹದಿನೈದು ದಿನದಿಂದ ಯಾರ ಹತ್ರಾನೂ ಮಾತಿಲ್ಲ. ಬಿಸಿಯೂಟಕ್ಕೂ ಬರಲ್ಲ, ಬೆಂಚಿನ ಮೇಲೆ ತಲೆ ಇಟ್ಟು ಮಲಗಿರ್ತಾಳೆ. ನೀವು ಹೇಳಿದ್ದೆಲ್ಲ ಅವಳಲ್ಲಿ ಇದೆ. ಈಗ ನಾನೇನು ಮಾಡ್ಲಿ?"

ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕಳಿಸಿ ಎಂದೆ. ಪುಸ್ತಕದಲ್ಲಿ ಇದ್ದ ಉತ್ತರ ಅದು. ಜಿಲ್ಲಾಸ್ಪತ್ರೆ ಎಷ್ಟು ದೂರ, ಅವಳನ್ನು ಕರೆದುಕೊಂಡು ಹೋಗುವವರು ಯಾರು, ಅಪ್ಪ ಅಮ್ಮನಿಗೆ ಏನಂತ ಹೇಳೋದು, ಒಂದು ದಿನದ ಕೂಲಿ ಬಿಟ್ಟು ಅವರು ಬರುತ್ತಾರಾ, ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಟೀಚರ್ ತಲೆ ಆಡಿಸಿ ಹೋದರು. ನಾನು ಬಸ್ ಹತ್ತಿದೆ. ಆ ಹುಡುಗಿಗೆ ನನ್ನ ಪ್ರಬಂಧದಲ್ಲಿ ಒಂದು ಕಾಲಂ ಕೂಡ ಇರಲಿಲ್ಲ. ಪ್ರಬಂಧ ಪಾಸಾಯಿತು. ಅವಳು ಏನಾದಳು ಅನ್ನೋದು ಇವತ್ತಿಗೂ ನನಗೆ ಗೊತ್ತಿಲ್ಲ.

ಈಗ ನಾನೇ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಪ್ರತಿ ವರ್ಷ ಹೊಸ ಸಿನಾಪ್ಸಿಸ್‌ಗಳು, ಅಂದರೆ ಪ್ರಬಂಧಕ್ಕೆ ಮುಂಚಿನ ರೂಪುರೇಷೆಗಳು, ಮೇಜಿನ ಮೇಲೆ ಬರುತ್ತವೆ, ಅವುಗಳಲ್ಲಿ ನನ್ನ ಹಳೆಯ ಪ್ರಬಂಧವೇ ಮತ್ತೆ ಮತ್ತೆ ಕಾಣುತ್ತದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 1996ರಲ್ಲಿ ಶುರುವಾಯಿತು. ಅಲ್ಲಿಂದ ಈಚೆಗೆ ನಮ್ಮ ಕಾಲೇಜುಗಳಿಂದ ಹೋದ ಮನೋರೋಗ ಶುಶ್ರೂಷೆಯ ಪ್ರಬಂಧಗಳ ಶೀರ್ಷಿಕೆಗಳನ್ನು ಸುಮ್ನೆ ಒಮ್ಮೆ ಓದುತ್ತಾ ಹೋಗಿ. ಆಯ್ದ ಶಾಲೆಗಳ ಶಿಕ್ಷಕರಲ್ಲಿ ಇಂಥದ್ದರ ಬಗ್ಗೆ ಇರುವ ಜ್ಞಾನದ ಮೇಲೆ ಯೋಜಿತ ಬೋಧನಾ ಕಾರ್ಯಕ್ರಮದ ಪರಿಣಾಮ. ಇಂಥದ್ದು ಅನ್ನೋ ಜಾಗದಲ್ಲಿ ಪರೀಕ್ಷಾ ಭಯ, ಮೊಬೈಲ್ ಚಟ, ಕಲಿಕಾ ನ್ಯೂನತೆ, ಖಿನ್ನತೆ ಬಂದು ಹೋಗುತ್ತವೆ. ಶಿಕ್ಷಕರು ಅನ್ನೋ ಜಾಗದಲ್ಲಿ ಕೆಲವೊಮ್ಮೆ ಸ್ಟಾಫ್ ನರ್ಸ್‌ಗಳು ಬರುತ್ತಾರೆ. ಉಳಿದದ್ದು ಹೆಚ್ಚುಕಡಿಮೆ ಹಾಗೇ ಇರುತ್ತದೆ.

ವಿದ್ಯಾರ್ಥಿಗಳನ್ನು ನಾನು ದೂರುವುದಿಲ್ಲ. ಡೇಟಾ ಕಲೆಹಾಕಲು ಸಿಗುವುದು ನಾಲ್ಕರಿಂದ ಆರು ವಾರ. ಖರ್ಚು ಪೂರ್ತಿ ಅವರ ಕೈಯಿಂದಲೇ. ಪರ್ಮಿಷನ್ ಲೆಟರ್ ಹಿಡಿದು ಆಫೀಸಿಂದ ಆಫೀಸಿಗೆ ಅಲೆಯುವುದರಲ್ಲೇ ಅರ್ಧ ಸಮಯ ಮುಗಿದಿರುತ್ತದೆ. ಇಷ್ಟರಲ್ಲಿ ಕೈಗೆ ಸಿಗುವವರು ಯಾರು? ಹತ್ತಿರದ ಶಾಲೆಯ ಟೀಚರ್‌ಗಳು, ತಮ್ಮದೇ ಆಸ್ಪತ್ರೆಯ ಸಿಸ್ಟರ್‌ಗಳು. 60 ಜನ ಸಿಕ್ಕರೆ ಸ್ಯಾಂಪಲ್ ಮುಗಿಯಿತು.

ನನಗೆ ಬೇಸರ ಇರುವುದು ಇನ್ನೊಂದು ವಿಷಯಕ್ಕೆ. ಆಸ್ಪತ್ರೆಯಲ್ಲೂ ಶಾಲೆಯಲ್ಲೂ ನಾವು ಮಾಡುತ್ತಿರುವ ತಪ್ಪು ಒಂದೇ. ಅಲ್ಲಿ ಎಲ್ಲರಿಗಿಂತ ಜಾಸ್ತಿ ದಣಿದವರನ್ನು ಹುಡುಕಿ, ಅವರಿಗೆ ಇನ್ನೂ ಒಂದು ಪಾಠ ಹೇಳಿ, ಅವರ ತಲೆಯಲ್ಲಿ ಎಷ್ಟು ಉಳಿಯಿತು ಅಂತ ಅಳೆಯುತ್ತೇವೆ. ಹಾಗೆ ಅಳೆದಾಗ ಕೊರತೆ ಯಾವಾಗಲೂ ಅವರ ತಿಳಿವಳಿಕೆಯಲ್ಲೇ ಕಾಣುತ್ತದೆ. ಡ್ಯೂಟಿ ಲಿಸ್ಟು, ವಾರ್ಡಿನಲ್ಲಿರುವ ರೋಗಿಗಳ ಸಂಖ್ಯೆ, ಶಾಲೆಯಿಂದ ಆಸ್ಪತ್ರೆಗೆ ಇರುವ ದಾರಿ, ಇವು ಯಾವುವೂ ನಮ್ಮ ಹಾಳೆಯೊಳಗೆ ಬರುವುದೇ ಇಲ್ಲ.

ಮೊದಲು ಆಸ್ಪತ್ರೆ ನೋಡೋಣ. ರಾತ್ರಿ 8ಕ್ಕೆ ಹ್ಯಾಂಡೋವರ್. ನಮ್ಮ ಕಡೆ ಬಹಳಷ್ಟು ಆಸ್ಪತ್ರೆಗಳಲ್ಲಿ ನೈಟ್ ಡ್ಯೂಟಿ ಅಂದರೆ ಬೆಳಿಗ್ಗೆ 8ರವರೆಗೆ, ಹನ್ನೆರಡು ಗಂಟೆ. ಸಾಮಾನ್ಯ ವಾರ್ಡಿನಲ್ಲಿ ಆರು ರೋಗಿಗಳಿಗೆ ಒಬ್ಬ ನರ್ಸ್, ಐಸಿಯುನಲ್ಲಿ ಒಬ್ಬರಿಗೆ ಒಬ್ಬರು ಎಂಬ ಲೆಕ್ಕ ಕಾಗದದಲ್ಲಿ ಹಳೆಯದು. ರಾತ್ರಿ ಹೊತ್ತು ಯಾವುದಾದರೂ ದೊಡ್ಡ ಆಸ್ಪತ್ರೆಯ ವಾರ್ಡಿಗೆ ಹೋಗಿ ನಿಂತು ಎಣಿಸಿದರೆ ಆ ಕಾಗದಕ್ಕೂ ನೆಲಕ್ಕೂ ಇರುವ ದೂರ ಗೊತ್ತಾಗುತ್ತದೆ. ಹತ್ತರ ಇಂಜೆಕ್ಷನ್ ಮುಗಿಸುವಷ್ಟರಲ್ಲಿ ಹನ್ನೆರಡು ದಾಟಿರುತ್ತದೆ, ನಡುವೆ ಎರಡು ಹೊಸ ಅಡ್ಮಿಷನ್, ಒಂದು ಕಡೆ ಡ್ರಿಪ್ ಮುಗಿದು ಯಾರೋ ಕೂಗುತ್ತಿರುತ್ತಾರೆ, ಇನ್ನೊಂದು ಕಡೆ ರೋಗಿಯ ಅಣ್ಣನೋ ಮಾವನೋ ಡಾಕ್ಟರ್ ಎಲ್ಲಿ ಅಂತ ಟೇಬಲ್ ಬಡಿಯುತ್ತಿರುತ್ತಾರೆ. ಬೈಗುಳ ತಿನ್ನುವವಳು ಸಿಸ್ಟರ್. ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಿಂದಲೇ ಕಾಯ್ದೆ ಇದೆ, ನರ್ಸ್‌ಗಳೂ ಅದರೊಳಗೆ ಬರುತ್ತಾರೆ. ಆದರೆ ರಾತ್ರಿ ಎರಡು ಗಂಟೆಗೆ ಬೈದವನ ಮೇಲೆ ದೂರು ಬರೆಯಲು ಕೂತರೆ ಐದು ಗಂಟೆಯ ಟೆಂಪರೇಚರ್, ಬಿಪಿ ನೋಡುವವರು ಯಾರು?

ಈ ದಣಿವಿಗೆ ಅಳತೆ ಇಲ್ಲ ಅಂತೇನಿಲ್ಲ. ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲೇ ಬರ್ನ್‌ಔಟ್ ಅಳೆಯುವ ಪ್ರಶ್ನಾವಳಿ ಕೊಟ್ಟರು. ಅದರಲ್ಲಿ ಮೂರು ಭಾಗ. ಒಂದು, ಮನಸ್ಸು ಪೂರ್ತಿ ಬರಿದಾಗುವುದು. ಎರಡು, ಎದುರಿಗಿರುವವರು ಮನುಷ್ಯರು ಅನ್ನುವುದೇ ಮರೆತುಹೋಗುವುದು. ಮೂರು, ನನ್ನ ಕೆಲಸದಿಂದ ಯಾರಿಗೂ ಏನೂ ಆಗುತ್ತಿಲ್ಲ ಅನ್ನಿಸುವುದು. ಎರಡನೆಯದನ್ನು ಗುರುತಿಸಲು ಪ್ರಶ್ನಾವಳಿಯೇ ಬೇಕಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ "ಅಜ್ಜಿ, ಮಾತ್ರೆ ತಗೊಂಡ್ರಾ" ಎನ್ನುತ್ತಿದ್ದ ಹುಡುಗಿ ಎರಡು ವರ್ಷದಲ್ಲಿ "14ಕ್ಕೆ ಮಾತ್ರೆ ಆಯ್ತಾ" ಎನ್ನಲು ಶುರು ಮಾಡುತ್ತಾಳೆ. ಅವಳು ಕೆಟ್ಟವಳಾದಳು ಅಂತಲ್ಲ. 40 ಅಜ್ಜಿಯರನ್ನು ಅಜ್ಜಿ ಅಂತ ನೋಡುವ ಶಕ್ತಿ ಯಾರಿಗೂ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ಕೆಲಸದಿಂದ ಬರುವ ಸ್ಥಿತಿ ಎಂದು ಕರೆಯಿತು, ಕಾಯಿಲೆಗಳ ಸಾಲಿಗೆ ಸೇರಿಸಲಿಲ್ಲ. ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ. ಕೆಲಸದ ಜಾಗದಲ್ಲಿ ಹುಟ್ಟಿದ್ದಕ್ಕೆ ಮದ್ದನ್ನೂ ಅಲ್ಲೇ ಹುಡುಕಬೇಕು, ಅಲ್ವಾ?

ನಮ್ಮ ಪ್ರಶ್ನಾವಳಿಗಳ ಮೊದಲ ಪುಟವನ್ನು ನೋಡಿ. ನರ್ಸ್‌ನ ವಯಸ್ಸು, ಧರ್ಮ, ಮದುವೆ ಆಗಿದೆಯಾ, ಕೂಡು ಕುಟುಂಬವೋ ಚಿಕ್ಕ ಕುಟುಂಬವೋ, ಕೆಲವು ಹಾಳೆಗಳಲ್ಲಿ ಸಸ್ಯಾಹಾರಿಯೋ ಮಾಂಸಾಹಾರಿಯೋ ಅನ್ನೋದು ಕೂಡ ಇರುತ್ತದೆ. ಕೊನೆಯಲ್ಲಿ ಒತ್ತಡಕ್ಕೂ ಇವಕ್ಕೂ ಸಂಬಂಧ ಇದೆಯಾ ಎಂದು ಲೆಕ್ಕ ಹಾಕುತ್ತಾರೆ. ಕಳೆದ ರಾತ್ರಿ ನಿಮ್ಮ ಪಾಲಿಗೆ ಎಷ್ಟು ರೋಗಿಗಳಿದ್ದರು? ಸತತವಾಗಿ ಎಷ್ಟು ನೈಟ್ ಮಾಡಿದಿರಿ? ಕೇಳಿದ ರಜೆ ಸಿಕ್ಕಿತಾ? ಕೆಲಸ ಕಾಯಂ ಆಗಿದೆಯಾ, ಗುತ್ತಿಗೆಯಾ? ಈ ಪ್ರಶ್ನೆಗಳು ಅಪರೂಪ. ಧರ್ಮ ಕೇಳಿದವರು ಡ್ಯೂಟಿ ಕೇಳಲಿಲ್ಲ.

ಡ್ಯೂಟಿ ಕೇಳಿದರೆ ಏನಾಗುತ್ತದೆ ಅನ್ನೋದಕ್ಕೆ ಅಮೆರಿಕದ ನರ್ಸ್ ಸಂಶೋಧಕಿ ಲಿಂಡಾ ಏಕೆನ್ ಅವರ ತಂಡದ ಕೆಲಸ ಇದೆ. 2002ರದ್ದು. ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳು, 10 ಸಾವಿರಕ್ಕೂ ಹೆಚ್ಚು ನರ್ಸ್‌ಗಳು, 2.3 ಲಕ್ಷಕ್ಕೂ ಹೆಚ್ಚು ಆಪರೇಷನ್ ಆದ ರೋಗಿಗಳು. ಒಬ್ಬ ನರ್ಸ್ ಪಾಲಿಗೆ ಒಬ್ಬ ರೋಗಿ ಜಾಸ್ತಿಯಾದರೆ, 30 ದಿನದೊಳಗೆ ರೋಗಿ ಸಾಯುವ ಸಾಧ್ಯತೆ ಶೇ 7ರಷ್ಟು ಏರುತ್ತಿತ್ತು, ನರ್ಸ್ ಬರ್ನ್‌ಔಟ್ ಆಗುವ ಸಾಧ್ಯತೆ ಶೇ 23ರಷ್ಟು. ನರ್ಸ್‌ನ ಮನಸ್ಸನ್ನೂ ರೋಗಿಯ ಜೀವವನ್ನೂ ಒಂದೇ ಹಗ್ಗ ಹಿಡಿದಿದೆ ಎಂದು ಲೆಕ್ಕದಲ್ಲಿ ತೋರಿಸಿದ ಕೆಲಸ ಅದು. ಆಮೇಲೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯ 2016ರಲ್ಲಿ 27 ಆಸ್ಪತ್ರೆಗಳಲ್ಲಿ ನರ್ಸ್‌ಗಳ ಅನುಪಾತ ಕಡ್ಡಾಯ ಮಾಡಿತು. ಅದರ ಫಲ ಏನಾಯಿತು ಎಂದು ಏಕೆನ್ ಬಳಗದವರೇ 2021ರಲ್ಲಿ ಲೆಕ್ಕ ಕೊಟ್ಟರು. ಹೆಚ್ಚುವರಿ ನರ್ಸ್‌ಗಳಿಗೆ ಆದ ಖರ್ಚಿಗಿಂತ ಸುಮಾರು ಎರಡು ಪಟ್ಟು ಹಣ ಉಳಿದಿತ್ತು, ಯಾಕೆಂದರೆ ರೋಗಿಗಳು ಬೇಗ ಮನೆಗೆ ಹೋಗುತ್ತಿದ್ದರು, ಮತ್ತೆ ಅಡ್ಮಿಟ್ ಆಗುವುದು ಕಡಿಮೆಯಾಗಿತ್ತು. ಒತ್ತಡ ನಿಭಾಯಿಸುವ ಪಾಠದಿಂದ ಹೀಗಾಗುತ್ತದೆ ಎಂದು ನನಗೆ ನಂಬಿಕೆ ಇಲ್ಲ.

ದೊಡ್ಡ ಹಣ ಇಲ್ಲದೆಯೂ ಇಂಥ ಕೆಲಸ ಆಗುತ್ತದೆ. ಇಂಗ್ಲೆಂಡಿನ ಲೆನ್ ಬೋವರ್ಸ್ ಮನೋರೋಗ ನರ್ಸ್ ಆಗಿದ್ದವರು, ಆಮೇಲೆ ಪ್ರೊಫೆಸರ್ ಆದರು. ಮನೋರೋಗ ವಾರ್ಡಿನಲ್ಲಿ ಜಗಳ ಯಾಕೆ ಆಗುತ್ತದೆ ಎಂಬುದು ಅವರ ಪ್ರಶ್ನೆ. ರೋಗಿ ಬೇಡ ಎಂದಾಗ ಹೇಗೆ ಮಾತಾಡುವುದು, ಸಿಬ್ಬಂದಿ ಮತ್ತು ರೋಗಿಗಳು ಒಬ್ಬರನ್ನೊಬ್ಬರು ಸ್ವಲ್ಪ ಅರಿತುಕೊಳ್ಳುವುದು, ಬಿಡುಗಡೆ ಆಗುವವರು ಹೊಸಬರಿಗೆ ಎರಡು ಸಾಲು ಬರೆದು ಗೋಡೆಗೆ ಅಂಟಿಸಿ ಹೋಗುವುದು, ಇಂಥ ಹತ್ತು ಸಣ್ಣ ಕೆಲಸಗಳನ್ನು ಸೇರಿಸಿ ಸೇಫ್‌ವಾರ್ಡ್ಸ್ ಎಂಬ ಪದ್ಧತಿ ಮಾಡಿದರು. 31 ವಾರ್ಡುಗಳಲ್ಲಿ ಪರೀಕ್ಷೆ ಮಾಡಿ ನೋಡಿದಾಗ ಜಗಳ, ಗಲಾಟೆ ಶೇ 15ರಷ್ಟು ಇಳಿದಿತ್ತು. ರೋಗಿಯನ್ನು ಹಿಡಿದು ಕೂರಿಸುವುದು, ಬಲವಂತದ ಇಂಜೆಕ್ಷನ್, ಕೂಡಿಹಾಕುವುದು ಶೇ 26ರಷ್ಟು ಇಳಿದಿತ್ತು. 2015ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ರೋಗಿಗೂ ನರ್ಸ್‌ಗೂ ಒಟ್ಟಿಗೇ ಹಗುರಾಯಿತು. ಪ್ರಶ್ನೆ ಬಂದದ್ದು ವಾರ್ಡಿನ ಒಳಗಿನಿಂದ, ನರ್ಸ್ ಆಗಿ ಕೆಲಸ ಮಾಡಿದವರ ಕಣ್ಣಿನಿಂದ.

ನಮ್ಮಲ್ಲಿ ಇದಕ್ಕೆ ಬೇಕಾದ ಬೇರು ಇಲ್ಲ ಅಂತಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಆಗುವ ಮೊದಲೇ, 1950ರ ದಶಕದಲ್ಲಿ, ಮನೋರೋಗ ಶುಶ್ರೂಷೆಯ ಡಿಪ್ಲೊಮಾ ಶುರುವಾಗಿತ್ತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪಿಎಚ್‌ಸಿ ಮಟ್ಟದಲ್ಲಿ ಮಾನಸಿಕ ಆರೋಗ್ಯ ಸೇವೆ ಕೊಟ್ಟು ತೋರಿಸಿದ್ದೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಆಯಿತು. ಆ ಕಾರ್ಯಕ್ರಮದ ತಂಡದಲ್ಲಿ ನರ್ಸ್ ಹುದ್ದೆ ಇದೆ. ಇಷ್ಟಿದ್ದೂ ನರ್ಸ್ ಕೇಳುವ ಪ್ರಶ್ನೆ ಮಾತ್ರ ಬೆಳೆಯಲಿಲ್ಲ.

ಇನ್ನು ಶಾಲೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. 40 ಮಕ್ಕಳ ಒಂದು ತರಗತಿ ಅಂದುಕೊಳ್ಳಿ, ಅಲ್ಲಿ ಮೂವರು ಆಯಿತು. ಸಮೀಕ್ಷೆ ನಡೆಸಿದ್ದು ನಮ್ಮ ನಿಮ್ಹಾನ್ಸ್, ಪ್ರಾಯೋಗಿಕವಾಗಿ ಮೊದಲು ಮಾಡಿ ನೋಡಿದ್ದು ನಮ್ಮ ಕೋಲಾರದಲ್ಲಿ. ಆದರೆ ಆಯ್ಕೆಯಾದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಹಾಗಾಗಿ ಈ ಅಂಕಿಯನ್ನು ನಮ್ಮ ಮಕ್ಕಳದ್ದೇ ಎಂದು ಎತ್ತಿ ಹೇಳುವಾಗ ಸ್ವಲ್ಪ ಎಚ್ಚರ ಬೇಕು.

ಆ ಮೂವರನ್ನು ನೋಡಿಕೊಳ್ಳುವವರು ಯಾರು? 2020ರಲ್ಲಿ ಬಂದ ಶಾಲಾ ಆರೋಗ್ಯ ಕಾರ್ಯಕ್ರಮ ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರಿಗೆ ಆರೋಗ್ಯ ರಾಯಭಾರಿ ಎಂಬ ಹೊಣೆ ಕೊಟ್ಟಿತು. ಅದರ ಮುಂಚೆಯೇ ನಿಮ್ಹಾನ್ಸ್‌ನವರು ಶಿಕ್ಷಕರ ಮೂಲಕ ಜೀವನ ಕೌಶಲ ಶಿಕ್ಷಣ ಕೊಟ್ಟು, ಅದನ್ನು ಪಡೆದ 605 ಮಕ್ಕಳನ್ನು ಪಡೆಯದ 423 ಮಕ್ಕಳ ಜೊತೆ ಹೋಲಿಸಿದ್ದರು. 2010ರಲ್ಲಿ ಅದು ಪ್ರಕಟವಾಯಿತು. ಪಡೆದ ಮಕ್ಕಳಲ್ಲಿ ಆತ್ಮವಿಶ್ವಾಸ, ಶಾಲೆಯಲ್ಲಿ ಹೊಂದಿಕೊಳ್ಳುವುದು ಚೆನ್ನಾಗಿತ್ತು. ಮಾನಸಿಕ ತೊಂದರೆಯ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಬಿಹಾರದ ನಳಂದ ಜಿಲ್ಲೆಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಸರ್ಕಾರಿ ಹೈಸ್ಕೂಲುಗಳಲ್ಲಿ ನಡೆದ ಸೆಹೆರ್ ಪ್ರಯೋಗ ಇನ್ನೂ ನೇರವಾಗಿ ಕೇಳಿತು. ಒಂದಷ್ಟು ಶಾಲೆಗಳಲ್ಲಿ ಕಾರ್ಯಕ್ರಮ ನಡೆಸಿದ್ದು ಶಿಕ್ಷಕರು, ಇನ್ನೊಂದಷ್ಟರಲ್ಲಿ ಅದಕ್ಕೆಂದೇ ತರಬೇತಿ ಪಡೆದ ಸ್ಥಳೀಯ ಕೌನ್ಸೆಲರ್. ಕೌನ್ಸೆಲರ್ ಇದ್ದ ಕಡೆ ಶಾಲೆಯ ವಾತಾವರಣ ಸುಧಾರಿಸಿತು, ಖಿನ್ನತೆ, ಮಕ್ಕಳು ಮಕ್ಕಳನ್ನೇ ಕಾಡುವುದು ಎರಡೂ ಇಳಿದವು. ಶಿಕ್ಷಕರೇ ಮಾಡಿದ ಕಡೆ ಗುರುತಿಸುವಂಥ ಬದಲಾವಣೆ ಆಗಲಿಲ್ಲ. ಬ್ರಿಟನ್ನಿನಲ್ಲೂ 80ಕ್ಕೂ ಹೆಚ್ಚು ಶಾಲೆಗಳಲ್ಲಿ ಶಿಕ್ಷಕರಿಂದ ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಮನಸ್ಸಿಡುವ ಅಭ್ಯಾಸ) ಪಾಠ ಹೇಳಿಸಿ ನೋಡಿದ ದೊಡ್ಡ ಅಧ್ಯಯನ 2022ರಲ್ಲಿ ಬಂತು. ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಲಾಭ ಸಿಗಲಿಲ್ಲ.

ಶಿಕ್ಷಕರು ದಡ್ಡರು ಅಂತ ಇದರ ಅರ್ಥ ಅಲ್ಲವೇ ಅಲ್ಲ. ಆ ಕನ್ನಡ ಟೀಚರ್‌ಗೆ ಹುಡುಗಿ ಕುಗ್ಗಿದ್ದು ನನ್ನ ಪಾಠಕ್ಕಿಂತ ಮೊದಲೇ ಕಂಡಿತ್ತು. ಅವರಿಗೆ ಬೇಕಿದ್ದದ್ದು ಆ ಹುಡುಗಿಯನ್ನು ಕೈಗೆ ಕೊಡಲು ಇನ್ನೊಂದು ಕೈ. ಪಾಠ, ಮೌಲ್ಯಮಾಪನ, ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ ಡ್ಯೂಟಿ ಎಲ್ಲ ಮಾಡುವವರ ಮೇಲೆ ಇದನ್ನೂ ಹಾಕಿ, ಕೊನೆಗೆ ಅವರ ಜ್ಞಾನ ಅಳೆಯುವುದು ಸರಿಯಾ?

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಆತ್ಮಹತ್ಯೆ ವಿಚಾರದಲ್ಲಿ ಮಾರ್ಗಸೂಚಿ ಕೊಟ್ಟಿತು. ದೇಶದಲ್ಲಿ 2022ರ ಒಂದೇ ವರ್ಷ 13,044 ವಿದ್ಯಾರ್ಥಿಗಳು ಹೀಗೆ ಜೀವ ಕಳೆದುಕೊಂಡಿದ್ದರು. 100 ಅಥವಾ ಹೆಚ್ಚು ಮಕ್ಕಳಿರುವ ಪ್ರತಿ ಸಂಸ್ಥೆಯಲ್ಲಿ ಒಬ್ಬ ಅರ್ಹ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಲೇಬೇಕು ಎಂದಿತು. ಒಳ್ಳೆಯ ಮಾತು, ತುಂಬಾ ತಡವಾಗಿ ಬಂದದ್ದು. ಆದರೆ ಆ ಸಾಲಿನಲ್ಲಿ ನರ್ಸ್ ಇಲ್ಲ. ನನಗೆ ಇದು ನೋವಾಯಿತು, ಆಶ್ಚರ್ಯ ಆಗಲಿಲ್ಲ. ಶಾಲೆಯಲ್ಲಿ ನರ್ಸ್ ಇದ್ದರೆ ಮಕ್ಕಳಿಗೆ ಇಂಥ ಲಾಭ ಆಗುತ್ತದೆ ಎಂದು ಕೋರ್ಟಿನ ಮುಂದೆ ಇಡಬಲ್ಲಂಥ ಅಧ್ಯಯನವನ್ನು ನಾವು ಎಲ್ಲಿ ಮಾಡಿದ್ದೇವೆ? 1902ರಲ್ಲಿ ನ್ಯೂಯಾರ್ಕಿನಲ್ಲಿ ಲೀನಾ ರೋಜರ್ಸ್ ಎಂಬ ನರ್ಸ್ ನಾಲ್ಕು ಶಾಲೆಗಳಿಗೆ ಹೋಗಲು ಶುರು ಮಾಡಿದರು. ಕಜ್ಜಿ, ಕಣ್ಣುಬೇನೆ ಇದ್ದ ಮಕ್ಕಳನ್ನು ಸುಮ್ನೆ ಮನೆಗೆ ಅಟ್ಟುವ ಬದಲು ಅಲ್ಲೇ ಚಿಕಿತ್ಸೆ ಕೊಟ್ಟರು, ಮನೆಗೂ ಹೋಗಿ ತಾಯಂದಿರ ಜೊತೆ ಮಾತಾಡಿದರು. ಒಂದು ವರ್ಷದಲ್ಲಿ ಹಾಗೆ ಹೊರಹಾಕಿಸಿಕೊಳ್ಳುವ ಮಕ್ಕಳ ಸಂಖ್ಯೆ ಸುಮಾರು ಶೇ 90ರಷ್ಟು ಇಳಿಯಿತು. ಮೊದಲ ತಿಂಗಳ ಕೆಲಸದ ಫಲ ನೋಡಿಯೇ ನಗರಾಡಳಿತ ಇನ್ನಷ್ಟು ನರ್ಸ್‌ಗಳನ್ನು ತೆಗೆದುಕೊಂಡಿತ್ತು. ನಮ್ಮಲ್ಲಿ ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರಿ ಕಾರ್ಯಕ್ರಮವಾದ ಆರ್‌ಬಿಎಸ್‌ಕೆ ತಂಡದ ಜೊತೆ ನರ್ಸ್ ಅಥವಾ ಎಎನ್‌ಎಂ ಸಿಸ್ಟರ್ ವರ್ಷಕ್ಕೊಮ್ಮೆ ಶಾಲೆಗೆ ಬರುತ್ತಾರೆ. ಹಲ್ಲು, ಕಣ್ಣು, ತೂಕ, ರಕ್ತಹೀನತೆ ನೋಡುವಷ್ಟರಲ್ಲಿ ಸಂಜೆ ಆಗಿರುತ್ತದೆ. ಬೆಂಚಿನ ಮೇಲೆ ತಲೆ ಇಟ್ಟು ಮಲಗಿದವಳ ಹತ್ತಿರ ಕೂರುವಷ್ಟು ಹೊತ್ತು ಎಲ್ಲಿದೆ?

ಕಾನೂನಿನ ಒಂದು ಮಾತೂ ಹೇಳಿಬಿಡುತ್ತೇನೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯಲ್ಲಿ ಸಾಮಾನ್ಯ ನರ್ಸಿಂಗ್ ಡಿಪ್ಲೊಮಾ ಅಥವಾ ಪದವಿ ಇದ್ದು ನೋಂದಣಿ ಆಗಿದ್ದರೂ ಮಾನಸಿಕ ಆರೋಗ್ಯ ನರ್ಸ್ ಎಂದೇ ಲೆಕ್ಕ. 2018ರಲ್ಲಿ ಅದು ಜಾರಿಯಾಯಿತು. ಹತ್ತು ವರ್ಷದೊಳಗೆ ಮಾನಸಿಕ ಆರೋಗ್ಯ ಸಿಬ್ಬಂದಿಯ ಸಂಖ್ಯೆಯನ್ನು ಅಂತರರಾಷ್ಟ್ರೀಯ ಮಟ್ಟಕ್ಕೆ ತರಲು ಸರ್ಕಾರ ಪ್ರಯತ್ನಿಸಬೇಕು ಎಂದೂ ಅದರಲ್ಲಿದೆ. ಅಂದರೆ 2028. ಎಣಿಕೆಯಲ್ಲಿ ಸಂಖ್ಯೆ ಹೇಗೋ ತುಂಬಬಹುದು, ಆ ಎಣಿಕೆಯಲ್ಲಿ ಬಂದ ಸಿಸ್ಟರ್ ಖಿನ್ನತೆಯ ರೋಗಿಯ ಜೊತೆ ಅರ್ಧ ಗಂಟೆ ಕೂತು ಮಾತಾಡಿದ್ದಾಳಾ ಅನ್ನೋದು ಬೇರೆ ವಿಷಯ.

ಭಾಷೆಯ ತೊಡಕು ಕೂಡ ಸಣ್ಣದಲ್ಲ. ಇಂಗ್ಲಿಷಿನ ಪ್ರಶ್ನಾವಳಿಯನ್ನು ಕನ್ನಡಕ್ಕೆ ಇಳಿಸಿ ಖಿನ್ನತೆ, ನಿರಾಸಕ್ತಿ, ಏಕಾಗ್ರತೆ ಎಂದು ಬರೆದರೆ ಹುಡುಗಿಯರು ಮುಖ ಮುಖ ನೋಡುತ್ತಾರೆ. ಅವರ ಬಾಯಲ್ಲಿ ಬರುವುದು "ಬೇಜಾರು", "ತಲೆನೋವು", "ಏನೂ ಬ್ಯಾಡ ಅನ್ಸತ್ತೆ". ಹೊಟ್ಟೆನೋವು ಎಂದು ವಾರದಲ್ಲಿ ಮೂರು ದಿನ ಮನೆಗೆ ಹೋಗುವ ಮಗುವಿನ ನೋವು ಎಲ್ಲಿದೆ ಅಂತ ಹಾಜರಿ ಪುಸ್ತಕ ಹೇಳುವಷ್ಟು ನಮ್ಮ ಪ್ರಶ್ನಾವಳಿ ಹೇಳುವುದಿಲ್ಲ. ಆಸ್ಪತ್ರೆಯಲ್ಲಿ ಇನ್ನೊಂದು ತೊಂದರೆ. ನರ್ಸ್‌ಗಳಿಂದ ಒತ್ತಡದ ಹಾಳೆ ತುಂಬಿಸಿಕೊಳ್ಳುವವರು ಎಷ್ಟೋ ಸಲ ಇನ್‌ಚಾರ್ಜ್ ಸಿಸ್ಟರ್ ಮೂಲಕ ಹಂಚಿ, ಅವರ ಮೂಲಕವೇ ವಾಪಸ್ ಪಡೆಯುತ್ತಾರೆ. ನಾಳೆ ಡ್ಯೂಟಿ ಹಾಕುವವರ ಕೈಗೆ ಹೋಗುವ ಹಾಳೆಯಲ್ಲಿ "ನನಗೆ ಸಾಕಾಗಿದೆ" ಎಂದು ಯಾರು ಟಿಕ್ ಹಾಕುತ್ತಾರೆ? ಅಂಥ ಹಾಳೆಗಳಿಂದ ಬಂದ "ಮಧ್ಯಮ ಪ್ರಮಾಣದ ಒತ್ತಡ" ಎಂಬ ಫಲಿತಾಂಶವನ್ನು ನಾನು ನಂಬುವುದಿಲ್ಲ.

ಹಾಗಾದರೆ ಆರು ವಾರದಲ್ಲಿ, ಕೈಯಿಂದ ದುಡ್ಡು ಹಾಕುವ ವಿದ್ಯಾರ್ಥಿನಿ ಏನು ಮಾಡಬಹುದು? ಬಹಳ ಮಾಡಬಹುದು. ಡ್ಯೂಟಿ ಲಿಸ್ಟು, ಸಿಕ್ ಲೀವ್ ರಿಜಿಸ್ಟರು, ಘಟನೆ ಬರೆಯುವ ಪುಸ್ತಕ ಎಲ್ಲ ಆಸ್ಪತ್ರೆಯಲ್ಲೂ ಇರುತ್ತವೆ. ಸತತ ನೈಟ್ ಜಾಸ್ತಿ ಆದ ತಿಂಗಳಲ್ಲಿ ಸಿಕ್ ಲೀವ್ ಏರಿತಾ, ಔಷಧ ಕೊಡುವಾಗ ಆದ ತಪ್ಪು ಏರಿತಾ ಅಂತ ಒಂದರ ಪಕ್ಕ ಒಂದು ಇಟ್ಟು ನೋಡಬಹುದು. ಶಾಲೆಯಲ್ಲಿ ಟೀಚರ್ ಗುರುತಿಸಿದ ಹತ್ತು ಮಕ್ಕಳನ್ನು, ಮನೆಯವರ ಒಪ್ಪಿಗೆ ಪಡೆದು, ಆ ಆರು ವಾರವೂ ಹಿಂಬಾಲಿಸಬಹುದು. ಎಷ್ಟು ಜನ ಆಸ್ಪತ್ರೆ ತಲುಪಿದರು, ಉಳಿದವರು ಎಲ್ಲಿ ನಿಂತರು? ಬಸ್ ಚಾರ್ಜಿಗೆ ನಿಂತರಾ, ಹುಚ್ಚಾಸ್ಪತ್ರೆಗೆ ಹೋದಳು ಅಂತಾರೆ ಎಂಬ ಮಾತಿಗೆ ನಿಂತರಾ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ಸಂಖ್ಯೆ 2022ರ ಅಕ್ಟೋಬರ್‌ನಿಂದ ಇದೆ, ದಿನವಿಡೀ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಶಾಲೆಯ ಗೋಡೆ ಮೇಲೆ ಆ ಸಂಖ್ಯೆ ಬರೆಸಿದರೆ ಸಾಕಾ, ಟೀಚರ್ ಪಕ್ಕದಲ್ಲಿ ಕೂತು ಫೋನ್ ಮಾಡಿಕೊಟ್ಟರೆ ವ್ಯತ್ಯಾಸ ಆಗುತ್ತದಾ? ಹತ್ತು ಮಕ್ಕಳ ಸ್ಯಾಂಪಲ್ ಸಣ್ಣದು ಎಂದು ಪರೀಕ್ಷಕರು ಹೇಳಬಹುದು. 60 ಟೀಚರ್‌ಗಳ ಅಂಕಕ್ಕಿಂತ ಆ ಹತ್ತು ಮಕ್ಕಳ ದಾರಿ ನನಗೆ ಹೆಚ್ಚು ಹೇಳುತ್ತದೆ.

ಈ ವರ್ಷ ನನ್ನ ಒಬ್ಬ ವಿದ್ಯಾರ್ಥಿನಿ ನೈಟ್ ಡ್ಯೂಟಿ ವಿಷಯ ತೆಗೆದುಕೊಂಡಿದ್ದಾಳೆ. ಪಾಠ ಹೇಳುವ ಭಾಗ ಎಲ್ಲಿ ಎಂದು ಸಮಿತಿಯಲ್ಲಿ ಕೇಳಿದರು. ಪಾಠ ಇಲ್ಲ ಸರ್, ಎಣಿಸೋದು ಮಾತ್ರ ಎಂದಳು. ಎರಡು ಸಲ ತಿದ್ದಿ ಬರೆದ ಮೇಲೆ ಒಪ್ಪಿಗೆ ಸಿಕ್ಕಿತು. ಹಾಳೆಗಳನ್ನು ಅವಳೇ ಹಂಚುತ್ತಾಳೆ, ಹೆಸರು ಬರೆಯುವಂತಿಲ್ಲ, ಮುಚ್ಚಿದ ಡಬ್ಬಿಗೆ ಹಾಕಬೇಕು. ಅದರಲ್ಲಿ ಒಂದು ಪ್ರಶ್ನೆ, ನಿನ್ನೆ ರಾತ್ರಿ ಎಷ್ಟು ಗಂಟೆಗೆ ಊಟ ಮಾಡಿದಿರಿ? ಮೊದಲ ದಿನ ಬೆಳಿಗ್ಗೆ ನೈಟ್ ಮುಗಿಸಿ ಹೊರಟಿದ್ದ ಒಬ್ಬ ಸಿಸ್ಟರ್ ಬ್ಯಾಗ್ ಹೆಗಲಿಗೆ ಹಾಕಿಕೊಂಡೇ ಹಾಳೆ ತುಂಬುತ್ತಿದ್ದರು. ಆ ಪ್ರಶ್ನೆ ಬಂದಾಗ ತಲೆ ಎತ್ತಿ "ಇದನ್ನೂ ಬರೀಬೇಕಾ?" ಎಂದು ಕೇಳಿದರಂತೆ. ಹೌದು ಎಂದಳು ಇವಳು. ಅವರು ಬ್ಯಾಗ್ ಕೆಳಗಿಟ್ಟು ಕುರ್ಚಿ ಎಳೆದು ಕೂತರು. ಆ ಹಾಳೆಯ ಹಿಂಬದಿಯಲ್ಲೂ ಬರೆದು ಹೋಗಿದ್ದಾರೆ.